ನಾರಾಕ್ಕೆ ಅರ್ಧ ದಿನ ಸಾಲದು: ಜಪಾನಿನ ಹಳೆಯ ರಾಜಧಾನಿಯನ್ನು ನಿಧಾನವಾಗಿ ನೋಡುವ ಬಗೆ

ಜಪಾನಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ನಾರಾ ನಗರವನ್ನು ಕ್ಯೋಟೊದ ಬಾಲಂಗೋಚಿಯಂತೆ ನೋಡುತ್ತಾರೆ. ಬೆಳಿಗ್ಗೆ ಹತ್ತೂವರೆಗೆ ರೈಲಿಳಿದು, ಜಿಂಕೆಗೆ ಬಿಸ್ಕತ್ತು ತಿನ್ನಿಸಿ, ದೊಡ್ಡ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು, ಮೂರು ಗಂಟೆಯ ರೈಲಿಗೆ ವಾಪಸು. ಒಸಾಕಾದಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ, ಊರಿನಿಂದ ಬಂದ ನೆಂಟರನ್ನೆಲ್ಲ ನಾನೂ ಮೊದಮೊದಲು ಹೀಗೆಯೇ ಕರೆದುಕೊಂಡು ಹೋಗಿ ಬರುತ್ತಿದ್ದೆ. ಒಂದು ಸಲ ಅಮ್ಮ ಬಂದಿದ್ದರು. ತೋದೈಜಿ ದೇವಾಲಯದ ಹಿಂದಿನ ದಿಣ್ಣೆಯ ಮೇಲೆ ತೂಗುವ ದೊಡ್ಡ ಗಂಟೆಯನ್ನು ಕಂಡು, "ಇದನ್ನು ಯಾವಾಗ ಬಾರಿಸುತ್ತಾರೆ?" ಎಂದು ಕೇಳಿದರು. ರಾತ್ರಿ ಎಂಟಕ್ಕೆ ಎಂದೆ. "ಹಾಗಾದರೆ ಕೇಳಿಕೊಂಡೇ ಹೋಗೋಣ" ಎಂದು ಅಲ್ಲಿನ ಕಲ್ಲುಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅಂದು ಸಂಜೆ ಆರರ ನಂತರ ನಾನು ಕಂಡ ನಾರಾ, ಅದುವರೆಗೆ ಕಂಡ ನಾರಾ ಆಗಿರಲಿಲ್ಲ. ಅಂಗಡಿಗಳು ಕದ ಹಾಕಿದ್ದವು, ಜನ ಕರಗಿದ್ದರು, ಜಿಂಕೆಗಳು ಮರಗಳ ಬುಡದಲ್ಲಿ ಕಾಲು ಮಡಚಿ ಮಲಗಿದ್ದವು. ಎಂಟಕ್ಕೆ ಗಂಟೆಯ ಮೊದಲ ಪೆಟ್ಟು ಬಿದ್ದಾಗ ಅದು ಕಿವಿಗಿಂತ ಮೊದಲು ನಾವು ಕುಳಿತಿದ್ದ ಕಲ್ಲಿಗೆ ತಾಗಿದಂತಿತ್ತು.

ಹಾಗಾಗಿ ಈ ಮಾರ್ಗದರ್ಶಿಯ ಮೊದಲ ಸಲಹೆ, ಎಲ್ಲಕ್ಕಿಂತ ಮುಖ್ಯವಾದ ಸಲಹೆ ಇದು: ನಾರಾದಲ್ಲಿ ಕನಿಷ್ಠ ಒಂದು ರಾತ್ರಿ ಉಳಿಯಿರಿ. ಮುಂದಿನ ಹೆಜ್ಜೆಗಳನ್ನೆಲ್ಲ ಆ ಲೆಕ್ಕದಲ್ಲಿಯೇ ಬರೆದಿದ್ದೇನೆ.

ಹೋಗುವ ಮುನ್ನ ಇಷ್ಟು ತಿಳಿದಿರಲಿ

ನಾರಾ ಜಪಾನಿನ ರಾಜಧಾನಿಯಾಗಿದ್ದದ್ದು ಕ್ರಿ.ಶ. 710ರಿಂದ 784ರವರೆಗೆ. ಆಗ ಅದರ ಹೆಸರು ಹೇಜೊ-ಕ್ಯೊ. ಸಾಮ್ರಾಜ್ಞಿ ಗೆನ್ಮೆಯಿ, ಚೀನಾದ ಚಾಂಗ್‌ಆನ್ ನಗರದ ಮಾದರಿಯಲ್ಲಿ, ಚದುರಂಗದ ಹಾಸಿನಂತೆ ಚೌಕ ಚೌಕವಾಗಿ ಬೀದಿಗಳನ್ನು ಹಾಕಿಸಿ ಈ ಊರಿಗೆ ಆಸ್ಥಾನವನ್ನು ತಂದಳು. ನಡುವೆ ಕೆಲವು ವರ್ಷ ರಾಜಧಾನಿ ಆಚೀಚೆ ಅಲೆದದ್ದು ಬಿಟ್ಟರೆ, ಸುಮಾರು ಮುಕ್ಕಾಲು ಶತಮಾನ ದೇಶದ ಆಡಳಿತವೂ ಬೌದ್ಧಧರ್ಮದ ವೈಭವವೂ ಇಲ್ಲಿಯೇ. ಆಮೇಲೆ ಅರಸರು ನಾಗಾವೊಕಾಕ್ಕೆ, ಅಲ್ಲಿಂದ 794ರಲ್ಲಿ ಇಂದಿನ ಕ್ಯೋಟೊಗೆ ಹೋದರು. ದೇವಾಲಯಗಳು ಮಾತ್ರ ಇಲ್ಲೇ ಉಳಿದವು.

ಕಾಲದ ಅಂದಾಜು ಬೇಕಿದ್ದರೆ ನಮ್ಮ ಬಾದಾಮಿ ಚಾಲುಕ್ಯರನ್ನು ನೆನೆಯಿರಿ. ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ್ದು ಸುಮಾರು 740ರ ಹೊತ್ತಿಗೆ. ಚಕ್ರವರ್ತಿ ಶೋಮು ದೊಡ್ಡ ಬುದ್ಧನ ವಿಗ್ರಹ ಎರಕಕ್ಕೆ ಆಜ್ಞೆ ಹೊರಡಿಸಿದ್ದು 743ರಲ್ಲಿ. ಮಲಪ್ರಭೆಯ ದಡದಲ್ಲಿ ಶಿಲ್ಪಿಗಳ ಉಳಿ ನಡೆಯುತ್ತಿದ್ದ ಕಾಲದಲ್ಲೇ ಇಲ್ಲಿ ಕಂಚು ಕರಗುತ್ತಿತ್ತು.

ಇನ್ನೊಂದು ಹೆಸರನ್ನೂ ನೆನಪಿನಲ್ಲಿ ಇಟ್ಟುಕೊಂಡು ಹೋಗಿ: ಬೋಧಿಸೇನ. ದಕ್ಷಿಣ ಭಾರತದಿಂದ ಹೊರಟು ಚೀನಾ ತಲುಪಿ, 736ರಲ್ಲಿ ಜಪಾನಿಗೆ ಬಂದ ಭಿಕ್ಷು ಈತ. ಜಪಾನಿನವರು ಇಂದಿಗೂ ಈತನನ್ನು 'ಬರಮೊನ್ ಸೊಜೊ' ಎಂದು ಕರೆಯುತ್ತಾರೆ. ಬರಮೊನ್ ಎಂದರೆ ಬ್ರಾಹ್ಮಣ, ಸೊಜೊ ಎಂದರೆ ಭಿಕ್ಷುಗಳಲ್ಲಿ ಹಿರಿಯ ಪದವಿ. 752ರಲ್ಲಿ ದೊಡ್ಡ ಬುದ್ಧನಿಗೆ ಕಣ್ಣು ಬರೆದ ಕೈ ಈತನದು. ನಮ್ಮಲ್ಲಿ ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂದು ಆ ಕುಂಚಕ್ಕೆ ಉದ್ದನೆಯ ರೇಷ್ಮೆ ದಾರ ಕಟ್ಟಿ, ಅದರ ಇನ್ನೊಂದು ಕಡೆಯನ್ನು ನೆರೆದವರು ಹಿಡಿದುಕೊಂಡಿದ್ದರು. ಕಣ್ಣು ತೆರೆಸಿದ ಪುಣ್ಯ ಎಲ್ಲರಿಗೂ ಹಂಚಿಕೆಯಾಗಲಿ ಎಂದು. ಆ ಕುಂಚ, ಆ ನೀಲಿ ದಾರ ಎರಡೂ ಶೋಸೊಯಿನ್ ಎಂಬ ಮರದ ಭಂಡಾರದಲ್ಲಿ ಸಾವಿರದ ಇನ್ನೂರು ವರ್ಷ ದಾಟಿ ಉಳಿದುಬಂದಿವೆ. ಬೋಧಿಸೇನ ಮರಳಿ ತಾಯ್ನಾಡಿಗೆ ಬರಲಿಲ್ಲ. 760ರಲ್ಲಿ ಇಲ್ಲಿಯೇ ತೀರಿಕೊಂಡ.

ಯಾವಾಗ ಹೋಗುವುದು?

ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಚೆರ್ರಿ ಹೂವು, ನವೆಂಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದವರೆಗೆ ಕೆಂಪೆಲೆ. ಇವು ಎಲ್ಲರಿಗೂ ಗೊತ್ತಿರುವ ಕಾಲ, ಹಾಗಾಗಿ ಜನಜಂಗುಳಿಯ ಕಾಲ. ಜೂನ್‌ನಿಂದ ಜುಲೈ ನಡುವಿನವರೆಗೆ ಮಳೆ. ಆಗಸ್ಟ್‌ನಲ್ಲಿ ಮಂಗಳೂರಿನ ಏಪ್ರಿಲ್‌ನಂಥ ಬೆವರು.

ನನ್ನನ್ನು ಕೇಳಿದರೆ ಮಾರ್ಚ್ ಮೊದಲೆರಡು ವಾರ. ಚಳಿ ಇರುತ್ತದೆ, ಮರಗಳು ಇನ್ನೂ ಬೋಳಾಗಿರುತ್ತವೆ. ಆದರೆ ಮಾರ್ಚ್ 1ರಿಂದ 14ರವರೆಗೆ ತೋದೈಜಿಯ ನಿಗತ್ಸುದೊ ಮಂದಿರದಲ್ಲಿ ಒಮಿಜುತೊರಿ ಎಂಬ ಆಚರಣೆ ನಡೆಯುತ್ತದೆ. ಕತ್ತಲಾದ ಮೇಲೆ ಆಳೆತ್ತರದ ಮೂರು ನಾಲ್ಕು ಪಟ್ಟು ಉದ್ದದ ಪಂಜುಗಳನ್ನು ಹೊತ್ತು ಮಂದಿರದ ಎತ್ತರದ ಜಗಲಿಯಲ್ಲಿ ಓಡುತ್ತಾರೆ. ಕಿಡಿಗಳು ಕೆಳಗೆ ನಿಂತವರ ಮೇಲೆ ಮಳೆಯಂತೆ ಸುರಿಯುತ್ತವೆ. ಆ ಕಿಡಿ ತಾಗಿದರೆ ವರ್ಷವಿಡೀ ಕೆಡುಕಿಲ್ಲ ಎಂದು ನಂಬಿಕೆ. 752ರಲ್ಲಿ ಆರಂಭವಾದ ಈ ಆಚರಣೆ ಒಂದು ವರ್ಷವೂ ತಪ್ಪಿಲ್ಲ; ಮಂದಿರ ಸುಟ್ಟುಹೋದ ವರ್ಷಗಳಲ್ಲಿಯೂ ನಡೆದಿದೆ. ಇದು ಮುಗಿದರೆ ಚಳಿ ಹೋಯಿತು ಎನ್ನುವುದು ಅಲ್ಲಿನವರ ಲೆಕ್ಕ, ನಮ್ಮಲ್ಲಿ ಶಿವರಾತ್ರಿಗೆ ಚಳಿ 'ಶಿವ ಶಿವ' ಎಂದು ಹೋಗುತ್ತದೆ ಎನ್ನುವಂತೆ. 12ನೆಯ ತಾರೀಖು ದೊಡ್ಡ ಪಂಜುಗಳ ದಿನ, ಅಂದು ಕಾಲಿಡಲು ಜಾಗವಿರುವುದಿಲ್ಲ. ಬೇರೆ ಯಾವ ದಿನವಾದರೂ ಆಗುತ್ತದೆ. ನೈಲಾನ್ ಜಾಕೆಟ್ ತೊಟ್ಟು ಮುಂದೆ ನಿಲ್ಲಬೇಡಿ, ತೂತು ಬೀಳುತ್ತದೆ.

ವೀಸಾ ಭಾರತೀಯರಿಗೆ ಕಡ್ಡಾಯ. ಬೆಂಗಳೂರಿನಲ್ಲಿ ಜಪಾನಿನ ಕಾನ್ಸುಲೇಟ್ ಇದೆ, ಅರ್ಜಿಯನ್ನು ವೀಸಾ ಕೇಂದ್ರದ ಮೂಲಕ ಸಲ್ಲಿಸುತ್ತೀರಿ. ಕನಿಷ್ಠ ಒಂದು ತಿಂಗಳು ಮುಂಚೆ ಶುರು ಮಾಡಿದರೆ ನೆಮ್ಮದಿ. ದಿನವಾರು ಪ್ರಯಾಣಪಟ್ಟಿ ಕೇಳುತ್ತಾರೆ, ಅದರಲ್ಲಿ ನಾರಾದ ಹೋಟೆಲಿನ ಹೆಸರನ್ನೂ ಬರೆಯಿರಿ.

ತಲುಪುವ ದಾರಿ

ನಾರಾಕ್ಕೆ ಕಿಂತೆತ್ಸು, ಜೆಆರ್ ಎಂಬ ಎರಡು ರೈಲು ಸಂಸ್ಥೆಗಳ ಗಾಡಿಗಳು ಬರುತ್ತವೆ, ಎರಡಕ್ಕೂ ಬೇರೆ ಬೇರೆ ನಿಲ್ದಾಣ. ಹೊಸಬರು ಎಡವುವುದು ಇಲ್ಲಿಯೇ. ಕಿಂತೆತ್ಸು ನಾರಾ ನಿಲ್ದಾಣದಿಂದ ಮೇಲೆ ಬಂದರೆ ಐದೇ ನಿಮಿಷಕ್ಕೆ ದೇವಾಲಯಗಳ ಅಂಗಳ. ಜೆಆರ್ ನಾರಾ ನಿಲ್ದಾಣ ಪಶ್ಚಿಮಕ್ಕಿದೆ. ಅಲ್ಲಿಂದ ಇನ್ನೂ ಕಾಲು ಗಂಟೆಗೂ ಹೆಚ್ಚು ನಡೆಯಬೇಕು. ಕ್ಯೋಟೊದಿಂದ ಕಿಂತೆತ್ಸು ವಿಶೇಷ ಗಾಡಿ ಸುಮಾರು 35 ನಿಮಿಷಕ್ಕೆ ತಲುಪಿಸುತ್ತದೆ, ಅದಕ್ಕೆ ಟಿಕೆಟ್ ಜೊತೆಗೆ ಹೆಚ್ಚುವರಿ ಶುಲ್ಕವಿದೆ. ಜೆಆರ್‌ನ ವೇಗದ ಗಾಡಿಗೆ ಸುಮಾರು 45 ನಿಮಿಷ. ಒಸಾಕಾದ ನಂಬಾದಿಂದ ಕಿಂತೆತ್ಸು ಗಾಡಿ ಸುಮಾರು 40 ನಿಮಿಷ. ನಿಮ್ಮ ಕೈಯಲ್ಲಿ ಜೆಆರ್ ಪಾಸ್ ಇದ್ದರೆ ಜೆಆರ್ ಹಿಡಿಯಿರಿ, ಇಲ್ಲವಾದರೆ ಕಿಂತೆತ್ಸುವೇ ಸರಿ. ಕನ್ಸಾಯ್ ವಿಮಾನ ನಿಲ್ದಾಣದಿಂದ ನೇರ ಬಸ್ ಕೂಡ ಇದೆ, ಸುಮಾರು ಒಂದೂವರೆ ಗಂಟೆ. ಹಿರಿಯರ ಜೊತೆ ಸಾಮಾನು ಹೊತ್ತು ಬರುವವರಿಗೆ ಅದು ಅನುಕೂಲ.

ಇಕೋಕಾ ಅಥವಾ ಸುಯಿಕಾ ಕಾರ್ಡ್ ಒಂದಿದ್ದರೆ ರೈಲು, ಬಸ್, ಸಣ್ಣ ಅಂಗಡಿ ಎಲ್ಲಕ್ಕೂ ನಡೆಯುತ್ತದೆ. ದೇವಾಲಯದ ಪ್ರವೇಶಕ್ಕೆ, ಜಿಂಕೆಯ ಬಿಸ್ಕತ್ತಿಗೆ ಮಾತ್ರ ನಗದು, ಅದರಲ್ಲೂ ಚಿಲ್ಲರೆ ನಾಣ್ಯ ಇರಲಿ.

ಉಳಿಯಲು ಎರಡು ಜಾಗ ಹೇಳುತ್ತೇನೆ: ಕಿಂತೆತ್ಸು ನಿಲ್ದಾಣದ ಸುತ್ತ, ಇಲ್ಲವೇ ನಾರಾಮಾಚಿ. ಎರಡನೆಯದು ಹಳೆಯ ವ್ಯಾಪಾರಿಗಳ ಕೇರಿ; ಬೀದಿಗೆ ಸಣ್ಣ ಮುಖ, ಒಳಗೆ ಉದ್ದಕ್ಕೆ ಹೋಗುವ ಮರದ ಮನೆಗಳು. ಶ್ರೀರಂಗಪಟ್ಟಣದ ಹಳೆಯ ಬೀದಿಗಳಲ್ಲಿ ಬಾಗಿಲಿನಿಂದ ಹಿತ್ತಿಲವರೆಗೆ ಒಂದೇ ಸಾಲಿಗೆ ಕಾಣುವ ಮನೆಗಳನ್ನು ನೋಡಿದವರಿಗೆ ಇವು ಹೊಸದೆನಿಸುವುದಿಲ್ಲ. ಬಾಗಿಲಿಗೆ ತೂಗುಬಿಟ್ಟ ಕೆಂಪು ಬಟ್ಟೆಯ ಪುಟ್ಟ ಕೋತಿಗಳನ್ನು ಗಮನಿಸಿ. ಮನೆಯವರಿಗೆ ಬರುವ ಕಂಟಕವನ್ನು ಅವು ತಮ್ಮ ಮೇಲೆ ಎಳೆದುಕೊಳ್ಳುತ್ತವಂತೆ.

ಮೊದಲ ದಿನ, ಮಧ್ಯಾಹ್ನದಿಂದ ರಾತ್ರಿಯವರೆಗೆ

ಮಧ್ಯಾಹ್ನದ ಹೊತ್ತಿಗೆ ಬನ್ನಿ. ಸಾಮಾನು ಹೋಟೆಲಿನಲ್ಲಿ ಬಿಟ್ಟು ನೇರ ಕೊಫುಕುಜಿಗೆ. ಫುಜಿವಾರಾ ವಂಶದವರ ಮನೆದೇವಾಲಯವಿದು. 1426ರಲ್ಲಿ ಮರುಕಟ್ಟಿದ, 50 ಮೀಟರಿನ ಐದಂತಸ್ತಿನ ಗೋಪುರ ಇದರ ಗುರುತು. ಈಗ ಅದು ಹಲವು ವರ್ಷಗಳ ದೊಡ್ಡ ದುರಸ್ತಿಯಲ್ಲಿದೆ, ಮುಚ್ಚಿದ ಚಪ್ಪರದೊಳಗಿದೆ. ಬೇಸರ ಬೇಡ. ಇಲ್ಲಿ ನೋಡಬೇಕಾದದ್ದು ಗೋಪುರವಲ್ಲ, ರಾಷ್ಟ್ರೀಯ ನಿಧಿಗಳ ಕಟ್ಟಡ.

ಅದರೊಳಗೆ ಒಂದು ಗಂಟೆಯನ್ನಾದರೂ ಕೊಡಿ. 734ರ ಎಂಟು ರಕ್ಷಕರ ವಿಗ್ರಹಗಳು ಅಲ್ಲಿವೆ. ಫಲಕದಲ್ಲಿ ಜಪಾನೀ ಹೆಸರು ಬರೆದಿರುತ್ತದೆ, ಸ್ವಲ್ಪ ಬಾಯಿಬಿಟ್ಟು ಓದಿ ನೋಡಿ: ಕರುರಾ ಎಂದರೆ ನಮ್ಮ ಗರುಡ, ಕೆಂದತ್ಸುಬಾ ಎಂದರೆ ಗಂಧರ್ವ, ಕಿನ್ನರಾ ಎಂದರೆ ಕಿನ್ನರನೇ. ಅಶುರಾ ಎಂದರೆ ಅಸುರ. ಈ ಅಸುರನ ಮುಂದೆ ಜನ ಸುಮ್ಮನೆ ನಿಂತುಬಿಡುತ್ತಾರೆ. ಮೂರು ಮುಖ, ಕಡ್ಡಿಯಂಥ ಆರು ತೋಳು, ಹದಿಹರೆಯದ ಹುಡುಗನ ಮೈ. ನಾವು ಯಕ್ಷಗಾನದಲ್ಲಿ ಕಂಡ ಅಸುರನ ಬಣ್ಣ, ಅಬ್ಬರ ಒಂದೂ ಇಲ್ಲ. ನಡುವಿನ ಮುಖದಲ್ಲಿ ಹುಬ್ಬು ಸಣ್ಣಗೆ ಗಂಟಿಕ್ಕಿದೆ. ಅಳು ತಡೆದುಕೊಂಡ ಮಗುವಿನ ಹುಬ್ಬಿನಂತೆ. ಯುದ್ಧ ಮಾಡಿ ಮಾಡಿ ಸೋತು, ಬುದ್ಧನ ಮಾತು ಕೇಳಿ ಕೈ ಮುಗಿದವನು ಈತ. ಮರಕ್ಕೆ ಉಳಿ ಹಾಕಿದ್ದಲ್ಲ ಇದು: ಮಣ್ಣಿನ ಅಚ್ಚಿನ ಮೇಲೆ ಅರಗಿನಂಥ ಮರದ ರಸದಲ್ಲಿ ಅದ್ದಿದ ಬಟ್ಟೆಯನ್ನು ಪದರ ಪದರವಾಗಿ ಸುತ್ತಿ, ಒಣಗಿದ ಮೇಲೆ ಒಳಗಿನ ಮಣ್ಣು ತೆಗೆದದ್ದು. ಒಳಗೆ ಟೊಳ್ಳು, ಹಾಗಾಗಿ ಹಗುರ. ಬೆಂಕಿ ಬಿದ್ದಾಗಲೆಲ್ಲ ಹೊತ್ತುಕೊಂಡು ಓಡಲು ಸಾಧ್ಯವಾದದ್ದಕ್ಕೇ ಇವು ಉಳಿದವು ಎನ್ನುತ್ತಾರೆ. ಒಳಗೆ ಫೋಟೊ ತೆಗೆಯುವಂತಿಲ್ಲ. ಒಳ್ಳೆಯದೇ, ಕಣ್ಣಿಗೆ ಕೆಲಸ ಸಿಗುತ್ತದೆ.

ಹೊರಬಂದ ಮೇಲೆ ಬಿಸಿಲು ಉಳಿದಿದ್ದರೆ ಇಸುಯಿಯೆನ್ ಉದ್ಯಾನಕ್ಕೆ ಹೋಗಿ. ಸಣ್ಣ ತೋಟ, ಆದರೆ ಕಟ್ಟಿದವರ ಜಾಣ್ಮೆ ನೋಡಿ: ಕೊಳದಾಚೆ ತೋದೈಜಿಯ ಹೆಬ್ಬಾಗಿಲಿನ ಮಾಡು, ಅದರಾಚೆ ವಕಾಕುಸಾ ಬೆಟ್ಟ. ಎರಡೂ ತೋಟದ್ದಲ್ಲ, ಆದರೆ ತೋಟದ್ದೇ ಎಂಬಂತೆ ಮರಗಳನ್ನು ಬೆಳೆಸಿ, ಕತ್ತರಿಸಿ ನಿಲ್ಲಿಸಿದ್ದಾರೆ. ನೆರೆಯ ನೋಟವನ್ನು ಕಡ ತಂದು ತನ್ನದಾಗಿಸಿಕೊಳ್ಳುವ ಈ ಬಗೆಗೆ ಜಪಾನಿನಲ್ಲಿ ಹೆಸರೇ ಇದೆ, ಶಕ್ಕೆಯಿ. ವಾರದ ರಜೆ ಇರುತ್ತದೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಸೂರ್ಯ ಇಳಿಯುವ ಒಂದು ಗಂಟೆ ಮುಂಚೆ ಎಲ್ಲವನ್ನೂ ಬಿಟ್ಟು ನಿಗತ್ಸುದೊ ಕಡೆ ನಡೆಯಿರಿ. ದೊಡ್ಡ ಬುದ್ಧನ ಮಂದಿರದ ಹಿಂಬದಿಯಿಂದ ಮಣ್ಣುಗೋಡೆಗಳ ನಡುವೆ ಏರುವ ಕಲ್ಲುದಾರಿ ಇದೆ, ಅದನ್ನೇ ಹಿಡಿಯಿರಿ. ನಿಗತ್ಸುದೊ ಜಗಲಿಗೆ ಪ್ರವೇಶ ಶುಲ್ಕವಿಲ್ಲ, ಹಗಲೂ ರಾತ್ರಿಯೂ ತೆರೆದಿರುತ್ತದೆ. ಜಗಲಿಯ ಮುಖ ಪಶ್ಚಿಮಕ್ಕೆ. ಕೆಳಗೆ ದೊಡ್ಡ ಮಂದಿರದ ಮಾಡು, ಅದರ ಎರಡು ತುದಿಯ ಚಿನ್ನದ ಕೊಂಬುಗಳು, ಆಚೆಗೆ ಇಡೀ ಊರು, ಕೊನೆಗೆ ಇಕೊಮಾ ಬೆಟ್ಟಸಾಲು. ಹೊತ್ತು ಆ ಸಾಲಿನ ಹಿಂದೆ ಮುಳುಗುತ್ತದೆ. ತೂಗುದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತವೆ. ಅಲ್ಲಿನ ಊರವರು ಕೆಲಸ ಮುಗಿಸಿ ಬಂದು ಕೈ ಮುಗಿದು, ಒಂದು ಕ್ಷಣ ಊರಿನ ಕಡೆ ನೋಡಿ, ಇಳಿದು ಹೋಗುತ್ತಾರೆ.

ಬೇಸಿಗೆಯಲ್ಲಾದರೆ ಅಲ್ಲಿಯೇ ಎಂಟರವರೆಗೆ ಕಾಯಬಹುದು. ಚಳಿಗಾಲದಲ್ಲಿ ಐದಕ್ಕೇ ಕತ್ತಲು. ಊಟ ಮುಗಿಸಿ ಮರಳಿ ಬನ್ನಿ. ಗಂಟೆಯ ಮಂಟಪ ನಿಗತ್ಸುದೊದಿಂದ ಕೆಳಗೆ, ಕೆಲವೇ ನಿಮಿಷದ ನಡಿಗೆ. ಈ ಗಂಟೆಯೂ ಬುದ್ಧನ ಕಾಲದ್ದೇ, ಎಂಟನೆಯ ಶತಮಾನದ ಎರಕ, ತೂಕ 26 ಟನ್ನಿಗೂ ಹೆಚ್ಚು. ಊರವರು ಅದನ್ನು 'ನಾರಾ ತಾರೊ' ಎನ್ನುತ್ತಾರೆ. ತಾರೊ ಎಂದರೆ ಮನೆಯ ಹಿರಿಮಗನಿಗೆ ಇಡುವ ಹೆಸರು. ಗಂಟೆಗೆ ಒಳನಾಲಗೆ ಇಲ್ಲ. ಹೊರಗಿನಿಂದ ಸರಪಳಿಯಲ್ಲಿ ತೂಗಿಸಿದ ಮರದ ದಿಮ್ಮಿಯನ್ನು ಹಿಂದಕ್ಕೆ ಎಳೆದು ಬಿಡುತ್ತಾರೆ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಬಹಳ ಬಿಡುವು. ಆ ಬಿಡುವಿನಲ್ಲಿ ನಾದ ಅಲೆಯಾಗಿ, ಏರಿ ಇಳಿದು, ಕೊನೆಗೆ ಎಲ್ಲಿ ಮುಗಿಯಿತೆಂದು ಹೇಳಲಾಗದಂತೆ ತೆಳುವಾಗುತ್ತದೆ. ದಾರಿ ಕತ್ತಲು, ಮೊಬೈಲ್ ದೀಪ ಬೇಕು.

ಎರಡನೆಯ ದಿನ, ಏಳೂವರೆಗೆ

ತೋದೈಜಿಯ ದೊಡ್ಡ ಮಂದಿರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೆಳಿಗ್ಗೆ 7:30ಕ್ಕೆ, ನವೆಂಬರ್‌ನಿಂದ ಮಾರ್ಚ್‌ವರೆಗೆ 8:00ಕ್ಕೆ ತೆರೆಯುತ್ತದೆ. ಕ್ಯೋಟೊ, ಒಸಾಕಾಗಳಿಂದ ಬರುವ ಬಸ್ಸುಗಳು ಒಂಬತ್ತೂವರೆಗಿಂತ ಮುಂಚೆ ಮುಟ್ಟುವುದಿಲ್ಲ. ಆ ಎರಡು ಗಂಟೆ ನಿಮ್ಮದು. ರಾತ್ರಿ ಉಳಿದದ್ದರ ಫಲ ಇದೇ.

ನಂದೈಮೊನ್ ಹೆಬ್ಬಾಗಿಲಿನಲ್ಲಿ ಎರಡೂ ಕಡೆ 8.4 ಮೀಟರ್ ಎತ್ತರದ ದ್ವಾರಪಾಲಕರು. 1203ರಲ್ಲಿ ಶಿಲ್ಪಿಗಳಾದ ಉನ್ಕೆಯಿ, ಕೈಕೆಯಿ ಮತ್ತು ಅವರ ಸಂಗಡಿಗರು 69 ದಿನಗಳಲ್ಲಿ ಮುಗಿಸಿದ ಕೆಲಸ. ಎಡಗಡೆಯವನ ಬಾಯಿ ತೆರೆದಿದೆ, ಬಲಗಡೆಯವನದು ಮುಚ್ಚಿದೆ. ಒಬ್ಬ 'ಅ' ಎನ್ನುತ್ತಿದ್ದಾನೆ, ಇನ್ನೊಬ್ಬ 'ಹೂಂ' ಎನ್ನುತ್ತಿದ್ದಾನೆ. ಸಂಸ್ಕೃತ ವರ್ಣಮಾಲೆಯ ಮೊದಲು ಮತ್ತು ಕೊನೆ, ಅಂದರೆ ಸೃಷ್ಟಿಯ ಆದಿ ಮತ್ತು ಅಂತ್ಯ. ನಮ್ಮ ಮಕ್ಕಳು ಅಕ್ಕಿಯ ಮೇಲೆ ಬರೆಯುವ ಮೊದಲ ಅಕ್ಷರವನ್ನು ಇಲ್ಲಿ ಒಬ್ಬ ಕಾವಲುಗಾರ ಎಂಟು ನೂರು ವರ್ಷದಿಂದ ಉಚ್ಚರಿಸುತ್ತಾ ನಿಂತಿದ್ದಾನೆ.

ಟಿಕೆಟ್ ಪಡೆದು ಅಂಗಳಕ್ಕೆ ಬಂದಾಗ ಎಲ್ಲರ ಕಣ್ಣು ಮಂದಿರದ ಮೇಲೆ. ನೀವು ಅದಕ್ಕೂ ಮೊದಲು ಮೆಟ್ಟಿಲ ಮುಂದಿನ ಎಂಟು ಮುಖದ ಕಂಚಿನ ದೀಪಸ್ತಂಭದ ಹತ್ತಿರ ನಿಲ್ಲಿ. ಎರಡು ಸಲ ಸುಟ್ಟು ಎರಡು ಸಲ ಎದ್ದ ಈ ಆವರಣದಲ್ಲಿ, ಮೊದಲ ಕಾಲದಿಂದ ಹಾಗೆಯೇ ನಿಂತಿರುವ ಕೆಲವೇ ವಸ್ತುಗಳಲ್ಲಿ ಇದೊಂದು. ಜಾಲರಿಯ ಮೇಲೆ ಕೊಳಲು, ತಾಳ ಹಿಡಿದ ಬೋಧಿಸತ್ವರಿದ್ದಾರೆ. ಗಾಳಿಗೆ ಹಾರುವ ಉತ್ತರೀಯ, ಉಬ್ಬಿದ ಕೆನ್ನೆ. ಬೇಲೂರಿನ ಮದನಿಕೆಯರನ್ನು ಹತ್ತಿರದಿಂದ ನೋಡಿ ಅಭ್ಯಾಸವಿರುವ ಕಣ್ಣು ಇಲ್ಲಿಂದ ಬೇಗ ಕದಲುವುದಿಲ್ಲ.

ಇಂದಿನ ಮಂದಿರ 1709ರದು. 1180 ಮತ್ತು 1567ರ ಯುದ್ಧಗಳಲ್ಲಿ ಹಿಂದಿನವು ಸುಟ್ಟವು. ಈಗ ಅಗಲ 57 ಮೀಟರ್. ಮೊದಲಿನದು ಸುಮಾರು 86 ಮೀಟರ್ ಇತ್ತು. ಒಳಗೆ ಕುಳಿತ ಬುದ್ಧನ ಎತ್ತರ ಸುಮಾರು 15 ಮೀಟರ್. ಹೆಸರು ರುಶಾನಾ, ಅಂದರೆ ವೈರೋಚನ. ತಲೆ, ಕೈಗಳು ನಂತರದ ಶತಮಾನಗಳಲ್ಲಿ ಮತ್ತೆ ಎರಕ ಹೊಯ್ದವು. ಪೀಠದ ಕಮಲದ ಕೆಲವು ದಳಗಳು ಎಂಟನೆಯ ಶತಮಾನದವೇ. ಆ ದಳಗಳ ಮೇಲೆ ಕೂದಲೆಳೆಯಂಥ ಗೆರೆಗಳಲ್ಲಿ ಮೇರುಪರ್ವತ, ಲೋಕಗಳು, ಬುದ್ಧರು ಇದ್ದಾರೆ. ದಳದ ಪ್ರತಿಕೃತಿಯೊಂದನ್ನು ಹತ್ತಿರದಿಂದ ನೋಡಲು ಇಟ್ಟಿದ್ದಾರೆ.

ಎಡದಿಂದ ಸುತ್ತಿಕೊಂಡು, ಪ್ರದಕ್ಷಿಣೆಯಾಗಿಯೇ ಹಿಂದಕ್ಕೆ ಹೋಗಿ. ಎಡ ಹಿಂಬದಿಯ ಮೂಲೆಯಲ್ಲಿ ಕೈಯಲ್ಲಿ ಕುಂಚ, ಸುರುಳಿ ಹಿಡಿದು ಕಣ್ಣು ಕಿರಿದು ಮಾಡಿ ನಿಂತ ಎತ್ತರದ ಮರದ ವಿಗ್ರಹವಿದೆ. ಕೊಮೊಕುತೆನ್ ಎಂದು ಫಲಕ ಹೇಳುತ್ತದೆ. ಸಂಸ್ಕೃತದಲ್ಲಿ ಆತನ ಹೆಸರು ವಿರೂಪಾಕ್ಷ. ಹಂಪೆಯ ವಿರೂಪಾಕ್ಷ ಶಿವ. ಇವನು ಪಶ್ಚಿಮ ದಿಕ್ಕನ್ನು ಕಾಯುವ ಲೋಕಪಾಲ. ದೇವರು ಬೇರೆ, ಹೆಸರು ಒಂದೇ. ಹೊಸಪೇಟೆ ಕಡೆಯ ಗೆಳೆಯರೊಬ್ಬರಿಗೆ ಇದನ್ನು ಹೇಳಿದಾಗ ಅವರು ಮಾತಾಡದೆ ಚಪ್ಪಲಿ ಬಿಟ್ಟು ಕೈ ಮುಗಿದರು. ಬಲ ಹಿಂಬದಿಯ ಮೂಲೆಯಲ್ಲಿ ವೈಶ್ರವಣ, ಅಂದರೆ ನಮ್ಮ ಕುಬೇರ.

ಇಲ್ಲಿಯೇ ಒಂದು ಕಂಬದ ಬುಡದಲ್ಲಿ ಬುದ್ಧನ ಮೂಗಿನ ಹೊಳ್ಳೆಯಷ್ಟು ದೊಡ್ಡದೆಂದು ಹೇಳುವ ತೂತಿದೆ. ಅದರಲ್ಲಿ ತೂರಿದರೆ ಪುಣ್ಯ ಎಂದು ಮಕ್ಕಳ ಸಾಲು ನಿಲ್ಲುತ್ತದೆ. ಬೆಳಿಗ್ಗೆ ಸಾಲು ಇರುವುದಿಲ್ಲ. ಹೊರಬಂದು ಮಂದಿರಕ್ಕೆ ಮುಖ ಮಾಡಿ ನಿಂತರೆ ಬಲಕ್ಕೆ ಕೆಂಪು ವಸ್ತ್ರ ತೊಟ್ಟು ಕುಳಿತ ಮರದ ಮುದುಕ ಬಿಂಜುರು, ಬುದ್ಧನ ಶಿಷ್ಯ ಪಿಂಡೋಲ ಭಾರದ್ವಾಜ. ನಿಮಗೆ ನೋಯುವ ಅಂಗ ಯಾವುದೋ ಆತನ ಅದೇ ಅಂಗವನ್ನು ಸವರಬೇಕು. ಎಷ್ಟೋ ಜನರ ಮೊಣಕಾಲು ನೋವು ಅವನ ಮೊಣಕಾಲನ್ನು ನುಣುಪಾಗಿಸಿದೆ.

ಬೌದ್ಧ ದೇವಾಲಯದಲ್ಲಿ ಕೈ ಮುಗಿದರೆ ಸಾಕು, ಚಪ್ಪಾಳೆ ತಟ್ಟಬಾರದು. ಮುಂದೆ ಹೋಗುವ ಕಸುಗಾ ಜಪಾನಿನ ಮೂಲಧರ್ಮವಾದ ಶಿಂತೊದ ಗುಡಿ; ಅಲ್ಲಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ರೂಢಿ.

ಉದ್ಯಾನದ ನಡುವೆ ಕಸುಗಾದ ಕಡೆಗೆ

ನಾರಾ ಉದ್ಯಾನ 1880ರಲ್ಲಿ ಅಧಿಕೃತವಾಗಿ ಶುರುವಾಯಿತು. ಬೇಲಿ ಇಲ್ಲ, ಗೇಟು ಇಲ್ಲ. ದೇವಾಲಯ, ಹುಲ್ಲುಗಾವಲು, ಕಾಡು ಒಂದರೊಳಗೊಂದು ಬೆರೆತಿವೆ. ಇಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಜಿಂಕೆಗಳಿವೆ, ಎಲ್ಲವೂ ಕಾಡುಪ್ರಾಣಿಗಳೇ. ಯಾರೂ ಕೊಟ್ಟಿಗೆಯಲ್ಲಿ ಕಟ್ಟುವುದಿಲ್ಲ. ಕಸುಗಾದ ದೇವರು ಬಿಳಿಯ ಜಿಂಕೆಯೇರಿ ಬಂದನೆಂಬ ಕಥೆಯಿಂದಾಗಿ ಅವು ದೇವರ ದೂತರು. ಹುಲ್ಲು ಕತ್ತರಿಸುವ ಯಂತ್ರ ಬೇಕಿಲ್ಲದಂತೆ ಮೇಯುತ್ತವೆ. ಹಿಕ್ಕೆಯನ್ನು ಹೊಳೆಯುವ ನೀಲಿ ಸಗಣಿಹುಳುಗಳು ಮಣ್ಣಿಗೆ ಸೇರಿಸುತ್ತವೆ. ಮರಗಳ ಕೆಳಗಿನ ಎಲೆಗಳು ಎಲ್ಲೆಡೆ ಒಂದೇ ಎತ್ತರಕ್ಕೆ ಕತ್ತರಿಸಿದಂತಿರುತ್ತವೆ, ಜಿಂಕೆಯ ಕತ್ತು ಎಟುಕುವಷ್ಟು.

ಅವುಗಳ ಬಿಸ್ಕತ್ತಿಗೆ ಶಿಕಾ ಸೆನ್‌ಬೆಯಿ ಎಂದು ಹೆಸರು. ಗೋಧಿಹಿಟ್ಟು, ಅಕ್ಕಿ ತೌಡಿನಿಂದ ಮಾಡಿದ್ದು. ಅದನ್ನು ಬಿಟ್ಟು ಬೇರೇನೂ ಕೊಡಬೇಡಿ, ನಿಮ್ಮ ಬಾಳೆಹಣ್ಣನ್ನೂ ಕೂಡ. ಕಟ್ಟು ಕೊಂಡ ಕೂಡಲೇ ಅಲ್ಲಿಯೇ ನಿಂತು ಬಿಚ್ಚಿದರೆ ಹತ್ತು ಜಿಂಕೆ ಮುತ್ತುತ್ತವೆ. ಚೀಲದಲ್ಲಿಟ್ಟು, ಒಂದೆರಡೇ ಇರುವ ಕಡೆ ಹೋಗಿ ಕೊಡಿ. ಜಿಂಕೆ ತಲೆ ಬಾಗಿಸುತ್ತದೆ. ನೀವೂ ಬಾಗಿದರೆ ಮತ್ತೆ ಬಾಗಿಸುತ್ತದೆ. ಆಗ ಕೊಟ್ಟುಬಿಡಿ, ಆಸೆ ತೋರಿಸಿ ಸತಾಯಿಸಬೇಡಿ. ಕಚ್ಚುವುದು, ಗುದ್ದುವುದು ಆಗಲೇ. ಮುಗಿದ ಮೇಲೆ ಎರಡೂ ಅಂಗೈ ಬಿಡಿಸಿ ತೋರಿಸಿದರೆ ಅರ್ಥ ಮಾಡಿಕೊಂಡು ದೂರ ಹೋಗುತ್ತವೆ. ಮೇ, ಜೂನ್‌ನಲ್ಲಿ ಮರಿಗಳಿರುತ್ತವೆ. ಮುದ್ದಾಗಿದೆಯೆಂದು ಮುಟ್ಟಬೇಡಿ, ಮನುಷ್ಯರ ವಾಸನೆ ಹತ್ತಿದ ಮರಿಯನ್ನು ತಾಯಿ ಬಿಟ್ಟುಬಿಡಬಹುದು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಗಂಡು ಜಿಂಕೆಗಳು ಬೆದೆಯಲ್ಲಿ ಕೆಸರು ಮೆತ್ತಿಕೊಂಡು ಓಡಾಡುತ್ತವೆ, ಚಿಕ್ಕ ಮಕ್ಕಳನ್ನು ಕೈಬಿಡಬೇಡಿ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಉದ್ಯಾನದಲ್ಲಿ ಕಸದ ಬುಟ್ಟಿಗಳು ಇಲ್ಲವೆನ್ನುವಷ್ಟು ಕಡಿಮೆ. ತಿಂಡಿಯ ವಾಸನೆ ಹಿಡಿದ ಪ್ಲಾಸ್ಟಿಕ್ ಚೀಲವನ್ನು ಜಿಂಕೆ ತಿನ್ನುತ್ತದೆ, ಅದು ಕರಗದೆ ಹೊಟ್ಟೆಯಲ್ಲಿ ಗಂಟಾಗುತ್ತದೆ. 2019ರಲ್ಲಿ ಸತ್ತ ಒಂದು ಜಿಂಕೆಯ ಹೊಟ್ಟೆಯಲ್ಲಿ 4.3 ಕಿಲೊ ಪ್ಲಾಸ್ಟಿಕ್ ಸಿಕ್ಕಿತ್ತು. ಚೀಲದಲ್ಲಿ ಒಂದು ಖಾಲಿ ಡಬ್ಬಿ ಇಟ್ಟುಕೊಳ್ಳಿ. ನಿಮ್ಮ ಕಸ ಹೋಟೆಲಿನವರೆಗೆ ನಿಮ್ಮ ಜೊತೆಯೇ ಬರಲಿ.

ಕಸುಗಾ ತೈಶಾಕ್ಕೆ ಹೋಗುವ ದಾರಿಯ ಎರಡೂ ಬದಿ ಪಾಚಿ ಹಿಡಿದ ಕಲ್ಲುದೀಪಗಳು. 768ರಲ್ಲಿ ಸ್ಥಾಪನೆಯಾದ ಈ ಗುಡಿಯಲ್ಲಿ ಕಲ್ಲಿನವು, ಕಂಚಿನವು ಸೇರಿ ಸುಮಾರು 3,000 ದೀಪಗಳಿವೆ, ಎಲ್ಲ ಭಕ್ತರ ಹರಕೆ. ಫೆಬ್ರವರಿ ಆರಂಭದ ಒಂದು ರಾತ್ರಿ ಮತ್ತು ಆಗಸ್ಟ್ 14, 15ರ ರಾತ್ರಿಗಳಲ್ಲಿ ಎಲ್ಲವನ್ನೂ ಹಚ್ಚುತ್ತಾರೆ. ನಮ್ಮ ಕಾರ್ತಿಕದ ಲಕ್ಷದೀಪದಂತೆ. ಉಳಿದ ದಿನಗಳಲ್ಲಿ ಬಂದವರಿಗಾಗಿ ಒಂದು ಕತ್ತಲೆ ಕೋಣೆಯಲ್ಲಿ ಕೆಲವು ದೀಪಗಳನ್ನು ಸದಾ ಹಚ್ಚಿಟ್ಟಿರುತ್ತಾರೆ. ಗುಡಿಯ ಹಿಂದಿನ ಕಸುಗಾಯಾಮಾ ಕಾಡಿನಲ್ಲಿ 841ರಿಂದ ಮರ ಕಡಿಯುವುದಕ್ಕೂ ಬೇಟೆಗೂ ನಿಷೇಧ. ಕೊಡಗಿನ ದೇವರಕಾಡು ನೋಡಿದವರಿಗೆ ಆ ಗಾಳಿಯ ತಂಪು ಗುರುತು ಸಿಗುತ್ತದೆ. ವಾಪಸು ಬರುವಾಗ ದಕ್ಷಿಣಕ್ಕೆ ಇಳಿಯುವ ಕಾಡುಹಾದಿ ಹಿಡಿಯಿರಿ. ಎರಡೂ ಕಡೆ ಅಸೆಬಿ ಗಿಡಗಳು ಬಾಗಿ ಕಮಾನಾಗಿವೆ. ಅದರ ಎಲೆ ವಿಷ, ಜಿಂಕೆ ಮುಟ್ಟುವುದಿಲ್ಲ. ಹಾಗಾಗಿಯೇ ಅದು ಇಲ್ಲಿ ಇಷ್ಟೊಂದು ಬೆಳೆದಿದೆ.

ಸಸ್ಯಾಹಾರಿಗಳ ಊಟ

ಮಾಂಸ ಬೇಡ ಎಂದರೆ ಸಾಲದು. ಜಪಾನಿನ ಅಡುಗೆಯ ಬುನಾದಿ ದಾಶಿ, ಹೆಚ್ಚಾಗಿ ಒಣಮೀನು ಕುದಿಸಿದ ತಿಳಿಸಾರು. ಬರೀ ತರಕಾರಿ ಕಾಣುವ ಉದೊನ್ ಎಂಬ ದಪ್ಪ ಶಾವಿಗೆಯಲ್ಲೂ, ಮಿಸೊ ಸಾರಿನಲ್ಲೂ ಅದು ಇರುತ್ತದೆ. "ಸಕಾನಾ ನೊ ದಾಶಿ ಮೊ ದಾಮೆ ದೆಸು", ಮೀನಿನ ಸಾರೂ ಆಗದು, ಎಂದು ಹೇಳಿ, ಇಲ್ಲವೇ ಜಪಾನಿಯಲ್ಲಿ ಬರೆದ ಚೀಟಿ ತೋರಿಸಿ. ಕಿಂತೆತ್ಸು ನಿಲ್ದಾಣದ ಸುತ್ತ ಸಸ್ಯಾಹಾರದ ಹೋಟೆಲುಗಳು ಕೆಲವಿವೆ, ಆದರೆ ರಾತ್ರಿ ಬೇಗ ಮುಚ್ಚುತ್ತವೆ. ಏಳರೊಳಗೆ ಊಟ ಮುಗಿಸುವುದು ಕ್ಷೇಮ.

ನಾರಾದ್ದೇ ಆದ ತಿನಿಸುಗಳಲ್ಲಿ ನಮಗೆ ಹೇಳಿ ಮಾಡಿಸಿದ್ದು ಚಾಗಾಯು: ಹುರಿದ ಚಹಾ ಎಲೆಯ ನೀರಿನಲ್ಲಿ ಬೇಯಿಸಿದ ತೆಳುವಾದ ಅಕ್ಕಿ ಗಂಜಿ. ಕೆಲವು ಹೋಟೆಲುಗಳಲ್ಲಿ ಬೆಳಗಿನ ಉಪಾಹಾರಕ್ಕೆ ಕೊಡುತ್ತಾರೆ. ಅಮ್ಮ ಅದರ ಜೊತೆ ಊರಿನಿಂದ ತಂದ ನಿಂಬೆ ಉಪ್ಪಿನಕಾಯಿ ನಂಚಿಕೊಂಡು ಎರಡು ಬಟ್ಟಲು ಕುಡಿದರು. ಮಾಚಿಪತ್ರೆಯ ಜಾತಿಯ ಸೊಪ್ಪು ಹಾಕಿ ಕುಟ್ಟಿದ, ಮೋಚಿ ಎಂಬ ಹಸಿರು ಅಂಟಕ್ಕಿ ಉಂಡೆ, ಯೊಶಿನೊದ ಕುಜು ಗಡ್ಡೆಯ ಹಿಟ್ಟಿನ ಸಿಹಿ ಎರಡೂ ಸಸ್ಯಜನ್ಯ. ನಾರಾಜುಕೆ ಎಂಬ ಉಪ್ಪಿನಕಾಯಿ ಅಕ್ಕಿಮದ್ಯದ ಗಸಿಯಲ್ಲಿ ನೆನೆಸಿದ್ದು. ಮದ್ಯ ಒಲ್ಲದವರಿಗೆ ತಿಳಿದಿರಲಿ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತಾಜಾ ಹಣ್ಣು, ಹಸಿ ಕರಿಬೇವು ಬೇಡ, ವಿಮಾನ ನಿಲ್ದಾಣದಲ್ಲಿ ತೆಗೆದುಕೊಳ್ಳುತ್ತಾರೆ.

ಮಧ್ಯಾಹ್ನ, ನಿಶಿನೊಕ್ಯೊ

ಊಟದ ನಂತರ ಕಿಂತೆತ್ಸು ಹಿಡಿದು ಯಮಾತೊ-ಸಾಯ್ದೈಜಿಯಲ್ಲಿ ಗಾಡಿ ಬದಲಿಸಿ ನಿಶಿನೊಕ್ಯೊದಲ್ಲಿ ಇಳಿಯಿರಿ. ನಿಲ್ದಾಣದ ಪಕ್ಕದಲ್ಲೇ ಯಾಕುಶಿಜಿ. ಇದರ ಪೂರ್ವ ಗೋಪುರ 730ರದು; ಆರು ಅಂತಸ್ತಿನಂತೆ ಕಾಣುತ್ತದೆ, ಇರುವುದು ಮೂರೇ. ನಡುನಡುವೆ ಚಿಕ್ಕ ಮಾಡು ಸೇರಿಸಿ ಕಣ್ಣಿಗೆ ಲಯ ತಂದಿದ್ದಾರೆ. ಇಲ್ಲಿ ನಮಗೊಂದು ಹಳೆಯ ಪರಿಚಯವಿದೆ. ಶಾಲೆಯ ಪುಸ್ತಕದಲ್ಲಿ ಇಮ್ಮಡಿ ಪುಲಿಕೇಶಿಯ ಪಾಠದಲ್ಲಿ ಓದಿದ ಹ್ಯೂಯೆನ್ ತ್ಸಾಂಗ್ ನೆನಪಿದ್ದಾನಲ್ಲ, ಚಾಲುಕ್ಯ ನಾಡಿನ ಜನ ಉಪಕಾರ ಮರೆಯದವರು, ಅಪಕಾರ ಸಹಿಸದವರು ಎಂದು ಬರೆದವನು? ಅವನ ಬೋಧನೆಯ ಪರಂಪರೆಗೆ ಸೇರಿದ ದೇವಾಲಯವಿದು. ಉತ್ತರದ ಆವರಣದಲ್ಲಿ ಅವನ ಅಸ್ಥಿಯ ಒಂದು ಭಾಗವನ್ನು ಇಟ್ಟು ಮಂದಿರ ಕಟ್ಟಿದ್ದಾರೆ. ವರ್ಷದ ಕೆಲವು ಕಾಲದಲ್ಲಿ ಮಾತ್ರ ಅದು ತೆರೆಯುತ್ತದೆ.

ಅಲ್ಲಿಂದ ಉತ್ತರಕ್ಕೆ ಹತ್ತು ನಿಮಿಷ ನಡೆದರೆ ತೋಶೋದೈಜಿ. ಚೀನಾದ ಭಿಕ್ಷು ಗಾಂಜಿನ್ ಐದು ಸಲ ಸಮುದ್ರದಲ್ಲಿ ಸೋತು, ಕಣ್ಣು ಕಳೆದುಕೊಂಡು, ಆರನೆಯ ಸಲ ಜಪಾನ್ ಮುಟ್ಟಿ 759ರಲ್ಲಿ ಕಟ್ಟಿದ ಮಠ. ಒಳಗಿನ ಸಹಸ್ರಬಾಹು ಕಾನೊನ್, ಅಂದರೆ ಅವಲೋಕಿತೇಶ್ವರನ ವಿಗ್ರಹಕ್ಕೆ ಈಗಲೂ 953 ಕೈಗಳು ಉಳಿದಿವೆ. ಗಾಂಜಿನ್ ಸಮಾಧಿಯ ಸುತ್ತ ನೆಲವೆಲ್ಲ ಪಾಚಿ. ಅಲ್ಲಿ ಹೆಚ್ಚು ಜನ ಬರುವುದಿಲ್ಲ, ಅರ್ಧ ಗಂಟೆ ಕುಳಿತಿರಿ. ಎರಡೂ ಕಡೆ ಸಾಮಾನ್ಯವಾಗಿ ನಾಲ್ಕೂವರೆಯ ನಂತರ ಒಳಗೆ ಬಿಡುವುದಿಲ್ಲ, ಹಾಗಾಗಿ ಎರಡು ಗಂಟೆಯೊಳಗೆ ತಲುಪಿ. ಮೂರನೆಯ ದಿನ ಸಿಗುವವರು ಜೆಆರ್ ಹಿಡಿದು ಹೊರ್ಯೂಜಿಗೆ ಹೋಗಬಹುದು. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳು ಅಲ್ಲಿವೆ.

ಹೊರಡುವಾಗ

ಸಾಮಾನು ತೆಗೆದುಕೊಂಡು ಕಿಂತೆತ್ಸು ನಾರಾದಿಂದ ಮರಳುವಾಗ ಮೊಬೈಲ್ ಚೀಲದಲ್ಲಿಡಿ. ನೆಲದಡಿಯಿಂದ ಮೇಲೆ ಬಂದ ಗಾಡಿ ಶಿನ್-ಓಮಿಯಾ ನಿಲ್ದಾಣ ದಾಟಿದ ಸ್ವಲ್ಪ ಹೊತ್ತಿಗೆ ಎರಡೂ ಬದಿ ಮನೆಗಳು ಮುಗಿದು ವಿಶಾಲವಾದ ಹುಲ್ಲುಬಯಲು ತೆರೆದುಕೊಳ್ಳುತ್ತದೆ. ಅದು ಹೇಜೊ ಅರಮನೆಯ ಅಂಗಳ. ರೈಲು ಅದರ ನಡುವೆಯೇ ಹಾಯುತ್ತದೆ. ಎಡಗಡೆ ಹಳಿಯ ಹತ್ತಿರದಲ್ಲೇ 1998ರಲ್ಲಿ ಮತ್ತೆ ಕಟ್ಟಿದ ಕೆಂಪು ಕಂಬಗಳ ಸುಜಾಕು ಹೆಬ್ಬಾಗಿಲು, ಬಲಗಡೆ ದೂರದಲ್ಲಿ 2010ರಲ್ಲಿ ಎದ್ದ ಸಿಂಹಾಸನದ ಸಭಾಭವನ. ನಡುವೆ ಹೆಚ್ಚಾಗಿ ಜೊಂಡುಹುಲ್ಲೇ. ಸಂಜೆಯ ಗಾಡಿಯಾದರೆ ಬೆಳಕು ಮುಂದಿನಿಂದ ಬರುತ್ತದೆ, ಹುಲ್ಲಿನ ತುದಿಗಳು ಹೊಳೆಯುತ್ತಿರುತ್ತವೆ. ಒಂದು ನಿಮಿಷದ ಮೇಲೆ ಸ್ವಲ್ಪವೇ ಸಮಯ ಸಿಗುತ್ತದೆ. ಮೊದಲು ಎಡಕ್ಕೆ ನೋಡಿ, ಆಮೇಲೆ ಬಲಕ್ಕೆ.